ಕೊನೆಯ ಸಾಲಿನಿಂದ ಓದುತ್ತಿದ್ದವಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪೆನ್ನು ಸರಿಯಿಲ್ಲ, ಬೆಳಕು ಸಾಲದು ಎಂದು ಎದ್ದುಬಿಟ್ಟಿದ್ದೇನೆ. ಈಗ ಎಪ್ಪತ್ತು ದಾಟಿದೆ. ಇನ್ನೂ ನೆಪ ಹೇಳಿದರೆ ನಾಚಿಕೆಗೇಡು.

ಕಂಪ್ಯೂಟರಿನಲ್ಲಿ ಎರರ್ ಬಂದರೆ ಆಸ್ಪತ್ರೆಯಲ್ಲಿ ನಾವೆಲ್ಲ ಗಾಬರಿಯಿಂದ ಸಿಕ್ಕ ಸಿಕ್ಕ ಕೀ ಒತ್ತುತ್ತಿದ್ದೆವು. ಕಂಪ್ಯೂಟರ್ ನೋಡಿಕೊಳ್ಳಲು ಬಂದಿದ್ದ ಹುಡುಗಿ ಮಾತ್ರ ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಪರದೆಯ ತುಂಬ ಇಂಗ್ಲಿಷ್ ಸಾಲುಗಳು ಸುರಿದಿದ್ದರೂ ಮೇಲಿನಿಂದ ಓದುತ್ತಿರಲಿಲ್ಲ.

"ಕೊನೇ ಸಾಲಿಂದ ಓದ್ಬೇಕು ರೈಟರಯ್ಯ. ಏನಾಯ್ತು ಅನ್ನೋದು ಅಲ್ಲಿರ್ತದೆ. ಮೇಲಿರೋದೆಲ್ಲ ಅಲ್ಲಿಗೆ ಹೆಂಗ್ ಬಂತು ಅನ್ನೋ ಕತೆ."

ಎರಡು ಸಾವಿರದ ಐದರ ಆಸುಪಾಸು. ಮಸಿನಗುಡಿಯ ಸಣ್ಣ ಧರ್ಮಾಸ್ಪತ್ರೆಯೊಂದರಲ್ಲಿ ನಾನು ರೈಟರ್. ಎಸ್ಸೆಸ್ಸೆಲ್ಸಿ ಓದು, ದುಂಡಗಿನ ಅಕ್ಷರ, ಅಷ್ಟೇ ನನ್ನ ಬಂಡವಾಳ. ಗುರುವಾರ ಗುರುವಾರ ಆಸ್ಪತ್ರೆಯ ಜೀಪು ಕಾಡಂಚಿನ ಆದಿವಾಸಿ ಹಾಡಿಗಳಿಗೆ ಹೋಗುತ್ತಿತ್ತು. ಯಾವ ಹಾಡಿಯಲ್ಲಿ ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿ ಬರೆಯಲು ನನಗೆ ಎರಡು ದಿನ ಬೇಕಿತ್ತು. ಆಕೆ ಬಂದು ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದಳು. ಲೋಟದ ಟೀ ಆರುವುದರೊಳಗೆ ಪಟ್ಟಿ ಪ್ರಿಂಟರಿನಿಂದ ಬರತೊಡಗಿತು. ನನಗೆ ಸಂತೋಷವಾಯಿತು ಎಂದರೆ ಸುಳ್ಳಾದೀತು.

ಆಕೆ ಮೋಯಾರ್ ದಾರಿಯ ಹಾಡಿಯವಳು, ಊಟಿಯಲ್ಲಿ ಡಿಪ್ಲೊಮಾ ಮಾಡಿದ್ದಳು. ಆಸ್ಪತ್ರೆ ನೋಡಲು ಬಂದವರಿಗೆಲ್ಲ ಡಾಕ್ಟರು, "ಇವಳಪ್ಪ ಹೆಜ್ಜೆ ನೋಡಿ ಹುಲಿ ಹುಡುಕ್ತಿದ್ದ. ಅದಕ್ಕೇ ಇವಳಿಗೆ ತಪ್ಪು ಹುಡುಕೋ ಕಣ್ಣು" ಎನ್ನುತ್ತಿದ್ದರು. ಅವರು ಆಚೆ ಹೋದ ಮೇಲೆ ಆಕೆ ನನ್ನತ್ತ ತಿರುಗಿ, "ನಮ್ಮಪ್ಪ ಫಾರೆಸ್ಟ್ ಕ್ಯಾಂಪಲ್ಲಿ ಸಾಂಬಾರ್ ಮಾಡ್ತಿದ್ದ ಕನ ರೈಟರಯ್ಯ. ಹುಲಿ ಕಂಡಿದ್ರೆ ಸೌಟು ಬಿಸಾಕಿ ಓಡ್ತಿದ್ದ" ಎನ್ನುವಳು.

ಮುಖ್ಯ ಪ್ರೋಗ್ರಾಂ ಬೇಕಾದಾಗ ಕರೆದುಕೊಳ್ಳುವ ಚಿಕ್ಕ ಫೈಲುಗಳಿಗೆ ಮಾಡ್ಯೂಲ್ ಎನ್ನುತ್ತಾರೆಂದು ಆಕೆಯಿಂದಲೇ ಕಲಿತೆ. ಹಾಡಿಗಳಿಗೊಂದು, ಮಾತ್ರೆಗಳಿಗೊಂದು, ಮಕ್ಕಳ ವಯಸ್ಸಿಗೊಂದು. ಒಮ್ಮೆ ನಾನು ಸುಲಭವಾಗಲೆಂದು ಮುಖ್ಯ ಪ್ರೋಗ್ರಾಮನ್ನು ಡೆಸ್ಕ್‌ಟಾಪಿಗೆ ನಕಲು ಮಾಡಿ ಅಲ್ಲಿಂದ ನಡೆಸಿದೆ. ಎರರ್ ಬಂತು.

"ನಿನ್ ಪ್ರೋಗ್ರಾಂ ಕೆಟ್ಟೋಗದೆ ಕಣಮ್ಮ. ಹಾಡಿ ಅನ್ನೋ ಮಾಡ್ಯೂಲೇ ಇಲ್ಲ ಅಂತದೆ."

"ಇಲ್ಲ ಅಂದ್ರೆ ಲೋಕದಲ್ಲೇ ಇಲ್ಲ ಅಂತಲ್ಲ. ಅದು ನೋಡಿದ ಜಾಗದಲ್ಲಿಲ್ಲ ಅಂತ. ಉಪ್ಪಿನ ಡಬ್ಬಿ ಎಲ್ಲದೆ ಅಂತ ನಿಮ್ಮನೇ ಅಕ್ಕ ಹೇಳದೆ ಹೋದ್ರೆ, ನೀವೂ ಮನೇಲ್ ಉಪ್ಪೇ ಇಲ್ಲ ಅನ್ನಲ್ವಾ?"

ಒಂದು ಸಾಲು ಟೈಪ್ ಮಾಡಿ, ಪೈಥಾನ್ ಎಲ್ಲೆಲ್ಲಿ ಹುಡುಕಿತೆಂಬ ಫೋಲ್ಡರುಗಳ ಪಟ್ಟಿ ತೋರಿಸಿದಳು. ಮಾಡ್ಯೂಲ್ ಇದ್ದ ಫೋಲ್ಡರ್ ಅದರಲ್ಲಿರಲಿಲ್ಲ. ನಾನು ಹಳೆಯ ಜಾಗದಿಂದಲೇ ನಡೆಸಿದೆ, ಸರಿಹೋಯಿತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಟ್ರಸ್ಟಿನವರು ನೋಡಲು ಬರುವವರಿದ್ದರು. ಬೀರು ಚೊಕ್ಕಟ ಮಾಡಿದವನು ಕಂಪ್ಯೂಟರನ್ನೂ ಚೊಕ್ಕಟ ಮಾಡೋಣವೆಂದು ಕುಳಿತೆ. ಆಕೆಯ ಫೋಲ್ಡರಿನಲ್ಲಿ ಪ್ರತಿ ಮಾಡ್ಯೂಲೂ ಎರಡೆರಡು ಇದ್ದವು. ಒಂದನ್ನು ತೆರೆದರೆ ಅಕ್ಷರ ಓದಬಹುದಿತ್ತು, ಇನ್ನೊಂದರಲ್ಲಿ ಬರೀ ವಿಚಿತ್ರ ಗುರುತುಗಳು. ನಮ್ಮ ಆಫೀಸಿನಲ್ಲಿ ಶುದ್ಧ ಪ್ರತಿ ಸಿದ್ಧವಾದ ಮೇಲೆ ಕರಡನ್ನು ಹರಿದು ಹಾಕುವುದು ಪದ್ಧತಿ. ಓದಲು ಬರುವುದು ಕರಡು, ಬರದೇ ಇರುವುದು ಯಂತ್ರದ ಶುದ್ಧ ಪ್ರತಿ ಎಂದುಕೊಂಡೆ. ಕರಡುಗಳನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಮರುದಿನ ಪಟ್ಟಿ ಎಂದಿನಂತೆ ಬಂತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ನಾನು ಅಳಿಸಿದ್ದೇ ಆಕೆ ಬರೆದದ್ದು. ಉಳಿಸಿದ್ದು ಪೈಥಾನ್ ತನ್ನ ಅನುಕೂಲಕ್ಕೆ ತಾನೇ ಮಾಡಿಕೊಂಡ ಪ್ರತಿ. ಎರಡು ತಿಂಗಳ ಮೇಲೆ ಹೊಸ ಕಂಪ್ಯೂಟರ್ ಬಂತು, ಅದರಲ್ಲಿ ಹೊಸ ಪೈಥಾನ್. ಹಳೆಯದು ಮಾಡಿಟ್ಟ ಪ್ರತಿಯನ್ನು ಹೊಸದು ಒಪ್ಪಲಿಲ್ಲ. ಆಕೆ ವಾರವಾರ ಹಳೆಯದನ್ನು ಅಳಿಸಿ ಹೊಸದಾಗಿ ನಕಲು ತೆಗೆದಿಡುತ್ತಿದ್ದ ಫ್ಲಾಪಿಯಲ್ಲೂ ಅಷ್ಟರಲ್ಲಿ ನನ್ನ ಶುದ್ಧ ಪ್ರತಿಗಳೇ ತುಂಬಿದ್ದವು. ಆ ಗುರುವಾರ ಜೀಪು ಪಟ್ಟಿಯಿಲ್ಲದೆ ಹೋಯಿತು. ಮಾತ್ರೆ ಸಿಗದೆ ಎಷ್ಟೋ ಜನ ಬರಿಗೈಲಿ ಗುಡಿಸಲಿಗೆ ಮರಳಿದರು.

ಮ್ಯಾನೇಜರು ಇಬ್ಬರನ್ನೂ ಕರೆಸಿದರು. ಹೋಗುವ ಮುಂಚೆ ಆಕೆ ನನ್ನ ಮೇಜಿನ ಹತ್ತಿರ ಬಂದಳು.

"ಎರಡೆರಡು ಇದ್ದ ಫೈಲಲ್ಲಿ ಒಂದೊಂದು ಹೋಗದೆ ರೈಟರಯ್ಯ. ಒಂಟಿ ಇದ್ದದ್ದು ಹಂಗೇ ಅದೆ. ಮಿಷಿನ್ ಕೆಟ್ರೆ ಹಂಗೆ ಆರಿಸ್ಕೊಂಡು ಕೆಡಲ್ಲ. ನೀವೇನಾದ್ರೂ ಮುಟ್ಟಿದ್ರಾ? ಬಯ್ಯಕ್ಕಲ್ಲ ಬುಡಿ."

"ನಾನ್ಯಾಕಮ್ಮ ಮುಟ್ಲಿ? ನಂಗೇನ್ ಗೊತ್ತು ಅದೆಲ್ಲ."

ಗೊತ್ತಾಗಿತ್ತು ಆಕೆಗೆ. ಒಳಗೆ ಮ್ಯಾನೇಜರು, "ಫೈಲ್ ಏನಮ್ಮ, ಕಾಲು ಬಂದು ನಡ್ಕೊಂಡು ಹೋಯ್ತಾ? ನೀನು ತಾನೇ ಅಳಿಸಿರೋದು? ಹಾಡಿಯವರಿಗೆ ಜವಾಬ್ದಾರಿ ಕೊಟ್ರೆ ಇಷ್ಟೇ" ಎಂದಾಗ ಆಕೆ ನನ್ನ ಕಡೆ ತಿರುಗಲೂ ಇಲ್ಲ. "ನಾನು ಅಳಿಸಿಲ್ಲ ಸಾರ್" ಎಂದಷ್ಟೇ ಅಂದಳು. ಆ ಮಾತಿನ ಹಿಂದೆ ನನ್ನ ಒಂದು ಮಾತು ಬರಬೇಕಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ತಿಂಗಳು ಮುಗಿದ ಮೇಲೆ ಕೆಲಸಕ್ಕೆ ಬರಬೇಡವೆಂದು ಆಕೆಗೆ ಹೇಳಿದರು.

ಉಳಿದ ದಿನಗಳಲ್ಲಿ ಆಕೆ ಎಲ್ಲವನ್ನೂ ಮತ್ತೆ ಬರೆದಳು. ಯಾರೂ ಕೇಳಿರಲಿಲ್ಲ. "ಪಟ್ಟಿಯಲ್ಲಿರೋರು ನಮ್ಮೋರೇ ಅಲ್ವಾ" ಎಂದಳು. ಮುಂದೆ ಮಾಡ್ಯೂಲನ್ನು ಕರೆದುಕೊಳ್ಳಲಾಗದ ಇಂಪೋರ್ಟ್ ಎರರ್ ಬಂದರೆ ಏನೇನು ನೋಡಬೇಕೆಂದು ಹಾಳೆಯಲ್ಲಿ ಬರೆದು, ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದಳು, ನನಗಾಗಿ, ಕನ್ನಡದಲ್ಲಿ.

ಕೊನೆಯ ಸಲ ಕಂಡದ್ದು ಬಸ್ ಸ್ಟಾಪಿನಲ್ಲಿ. ನಾನು ಟೀ ಅಂಗಡಿಯ ಒಳಗೆ ಸರಿದು ನಿಂತಿದ್ದೆ. ಆಕೆ ಕಂಡುಹಿಡಿದು ಕೂಗಿದಳು: "ರೈಟರಯ್ಯ, ಮಳೆಗಾಲದಲ್ಲಿ ಕಾಗದ ಬೀರುವಲ್ಲಿಡಿ. ಥಂಡಿ ಹಿಡಿದ್ರೆ ಪ್ರಿಂಟರಲ್ಲಿ ಸಿಕ್ಕಾಕ್ಕೊಳ್ತದೆ." ನಾನು ತಲೆಯಾಡಿಸಿದೆ. ರಸ್ತೆ ದಾಟಲು ಹತ್ತು ಹೆಜ್ಜೆ ಸಾಕಿತ್ತು. ಬಸ್ಸು ಬಂತು.

ಊಟಿಯಾಚೆಯ ವೆಲ್ಲಿಂಗ್ಟನ್ನಿನ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆಂದು ಆಮೇಲೆ ಕೇಳಿದೆ. ಹೋಗಿ ಹೇಳಿಬಿಡೋಣವೆಂದು ಹೊರಟು, ಊಟಿಯಲ್ಲಿ ಇಳಿದು, ಅಲ್ಲಿಂದಲೇ ಹಿಂದಿರುಗಿದೆ. ಮತ್ತೆ ಹೊರಡುವಷ್ಟು ಧೈರ್ಯ ಬರಲು ವರ್ಷಗಳಾದವು. ಅಷ್ಟರಲ್ಲಿ ಆ ಅಂಗಡಿಯವರಿಗೂ ಆಕೆ ಎಲ್ಲಿದ್ದಾಳೆಂದು ಗೊತ್ತಿರಲಿಲ್ಲ.

ಫೈಲು ಅಳಿಸಿದವನು ನಾನು. ಸುಮ್ಮನೆ ನಿಂತವನೂ ನಾನು. ಕೆಲಸ ಕಳೆದುಕೊಂಡವಳು ಕೆಂಪಮ್ಮ.