ಖಾನಾಪುರದ ಐದು ತಾಸಿನ ಬಿಸಿಲು

ಬೆಳಗಾವಿಯ ಬಸ್ಸಿನಿಂದ ಖಾನಾಪುರದಲ್ಲಿ ಇಳಿದಾಗಲೇ ಬಸವಪ್ರಸಾದನಿಗೆ ಗೊತ್ತಾದದ್ದು, ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದ ಬ್ಯಾಟರಿ ಸೋರಿದೆ ಎಂದು. ಆ್ಯಸಿಡ್ ತಾಗಿದ ಹೊಸ ಪ್ಯಾಂಟು ಬೆರಳು ಮುಟ್ಟಿದಲ್ಲೆಲ್ಲ ಹರಿಯುತ್ತಿತ್ತು. ಬ್ಯಾಟರಿ ಇಸಿದುಕೊಳ್ಳಲು ಬಂದಿದ್ದ ಫಕೀರವ್ವ ನಗಲಿಲ್ಲ.

“ಸರ್ರ, ಪ್ಯಾಂಟಿಗೂ ಗವಾಕ್ಷಿ ಇಡಿಸೀರೇನು?”

ಕಾಡಿನಂಚಿನ ಹನ್ನೊಂದು ಮನೆಗಳ ವಾಡಿಯಲ್ಲಿ ಎಮ್ಮೆ ಸಾಕಿಕೊಂಡೇ ಅರವತ್ತು ದಾಟಿದವಳು ಫಕೀರವ್ವ. ವಾಡಿಯ ಹಾಲೆಲ್ಲ ಆಕೆಯ ಪಡಸಾಲೆಯಲ್ಲಿ ಕೂಡುತ್ತದೆ. ಫ್ಯಾಟ್ ನೋಡುವ ಯಂತ್ರ ನಡೆಯದಿದ್ದರೆ ಡೇರಿಯ ಗಾಡಿ ಒಂದು ತೊಟ್ಟೂ ಮುಟ್ಟುವುದಿಲ್ಲ. ಆದರೆ ಕರೆಂಟಿನ ಕಂಬಗಳು ಡಾಂಬರು ರಸ್ತೆಯವರೆಗೆ ಬಂದು, ಕಾಡು ಕಂಡು ಹೆದರಿದಂತೆ ನಿಂತು ಒಂಬತ್ತು ವರ್ಷ. ಅರ್ಜಿ ಒಯ್ದಾಗಲೆಲ್ಲ ವಿದ್ಯುತ್ ಕಚೇರಿಯವರು “ನೋಡೂಣು” ಅನ್ನುತ್ತಾರೆ. ಏನು ನೋಡುತ್ತಾರೋ!

ಆಕೆಯ ಮನೆಯ ಬಾಜೂಕ್ಕೆ ಹತ್ತು ಗೇರು ಗಿಡದ ಜಮೀನು ಕೊಂಡಿದ್ದ ಬೆಳಗಾವಿ ಶಿವಬಸವ ನಗರದ ಗುಮಾಸ್ತ ಬಸವಪ್ರಸಾದನ ರಕ್ತ ಕುದಿದು, ಅವನೇ ಸೋಲಾರ್ ಯೋಜನೆ ಬರೆದುಕೊಟ್ಟಿದ್ದ. ದಿನಕ್ಕೆ ಐದು ತಾಸು ಬಿಸಿಲು, ಒಂದು ಫಲಕ, ಒಂದು ಬ್ಯಾಟರಿ.

“ಐದು ತಾಸು ಯಾವ ತಿಂಗಳದ್ರೀ?” ಎಂದು ಫಕೀರವ್ವ ಆಗಲೇ ಕೇಳಿದ್ದಳು.

“ಸರಾಸರಿ, ಯವ್ವಾ.”

ಆಷಾಢದಲ್ಲಿ ಸರಾಸರಿ ಸೂರ್ಯ ಎಂಟು ದಿನ ಹಣಿಕಿ ಹಾಕಲಿಲ್ಲ. ಯಂತ್ರವನ್ನು ಫಕೀರವ್ವನ ಮನೆಯ ಪೆಟ್ರೋಲ್ ಜನರೇಟರ್‌ಗೆ ನೇರ ಹಚ್ಚಿದರೆ ಕರೆಂಟು ಏರಿಳಿದು ಎಮ್ಮೆಯ ಹಾಲಿಗೆ ಆಕಳ ಫ್ಯಾಟ್ ತೋರಿಸಿತು. ಬ್ಯಾಟರಿಯನ್ನಾದರೂ ತುಂಬಿಸೋಣವೆಂದರೆ, ಬಸವಪ್ರಸಾದ ಉಳಿತಾಯಕ್ಕೆಂದು ತಂದಿದ್ದ ಬೈಕಿನ ಪುಟ್ಟ ಚಾರ್ಜರ್ ಹಗಲಿಡೀ ಪೆಟ್ರೋಲ್ ಕುಡಿಸಿ ಅರ್ಧವನ್ನೂ ತುಂಬಲಿಲ್ಲ. ಕೊನೆಗೆ ಮೂರು ದಿನಕ್ಕೊಮ್ಮೆ ಅವನೇ ಬ್ಯಾಟರಿ ಹೊತ್ತು ಬೆಳಗಾವಿಗೆ, ವಡಗಾವಿಯ ಚಾರ್ಜಿಂಗ್ ಅಂಗಡಿಗೆ ಅಲೆಯುವಂತಾಯಿತು.

“ಇಷ್ಟ ಸಣ್ಣ ನಳಾ ಬಿಟ್ಟು ಹಂಡೇ ಯಾವಾಗ ತುಂಬಬೇಕ್ರೀ?” ಎಂದು ಪ್ಯಾಂಟು ಹರಿದ ಆ ದಿನ ಖಾನಾಪುರದಿಂದ ವಾಡಿಗೆ ಹೋಗುವ ದಾರಿಯಲ್ಲಿ ಫಕೀರವ್ವ ಗದರಿದಳು. “ಸಂಜಿಕ ಮೇವು ಕತ್ತರಸಾಕ ಜನರೇಟರ್ ಹೆಂಗೂ ಒಂದೂವರಿ ತಾಸು ಓಡ್ತೈತಿ. ದೊಡ್ಡ ಚಾರ್ಜರ್ ತಂದು ಅವಾಗ ಹಚ್ರಿ. ಇದಕ್ಕ ಕಾಲೇಜ್ ಕಲೀಬೇಕೇನು?”

ಕಾಲೇಜು ಕಲಿತವನು ತೆಪ್ಪಗೆ ದೊಡ್ಡ ಚಾರ್ಜರ್ ತಂದ. ಮೇವು ಕತ್ತರಿಸಿ ಮುಗಿಯುವಷ್ಟರಲ್ಲಿ ಮರುದಿನದ ಹಾಲಿಗೆ ಬೇಕಾದಷ್ಟು ಬ್ಯಾಟರಿ ತುಂಬತೊಡಗಿತು. ಗಾಡಿ ಒಂದು ದಿನವೂ ಬರಿದೇ ಹೋಗಲಿಲ್ಲ.

ಸುದ್ದಿ ಮುಟ್ಟಿದ್ದೇ ತಡ, ಒಂಬತ್ತು ವರ್ಷ ದಾರಿ ಸಿಗದ ಕಚೇರಿಯ ಸಾಹೇಬರಿಗೆ ವಾಡಿಯ ದಾರಿ ಸಿಕ್ಕಿತು. ಜೀಪಿನಿಂದಿಳಿದು ಕಾಗದ ಚಾಚಿದರು.

“ಲೈನ್ ಬ್ಯಾಡ ಅಂತ ಒಂದ ಸಹಿ ಹಾಕವ್ವಾ. ಅರ್ಜಿ ಬಂದ್ ಮಾಡೂಣು.”

“ನಾಚಿಕಿ ಅನ್ನೂದು ಐತೇನ್ರೀ?” ಬಸವಪ್ರಸಾದನ ಧ್ವನಿ ಕೀರಲಾಯಿತು. “ಪೆಟ್ರೋಲ್ ಸುಟ್ಟು ಹಾಲು ಅಳೀತಾರ ಇವರು! ಮನ್ಯಾಗ ಒಂದ ಫ್ಯಾನ್ ಇಲ್ಲ!”

ಸಾಹೇಬರು ಅವನತ್ತ ನೋಡಲೇ ಇಲ್ಲ. “ಸೋಲಾರ್ ಐತಿ, ಜನರೇಟರ್ ಐತಿ, ಬ್ಯಾಟರಿ ಐತಿ. ಇನ್ನೇನ ಬೇಕವ್ವಾ ನಿನಗ?”

ಫಕೀರವ್ವ ಕಾಗದವನ್ನು ಮಡಚಿ ಅವರ ಕೈಗೇ ಇಟ್ಟಳು.

“ಏನೂ ಬ್ಯಾಡ್ರಿ. ಇಷ್ಟ ಚಲೋ ಇದ್ರ ಇದನ್ನ ನಿಮ್ಮ ಆಫೀಸಿಗೆ ಒಯ್ರಿ. ಅಲ್ಲಿ ಕಂಬ ಖಾಲಿ ಆಗ್ತಾವಲ್ಲ, ಅವನ್ನ ಇತ್ತಾಗ ಕಳಸ್ರಿ.”