ಡ್ರಮ್ಮಿನ ಮೇಲಿನ ಕೌದಿ

ಘಣಸೋಲಿಯ ಗುಡ್ಡದ ಬುಡದಲ್ಲಿ ನಮ್ಮ ಚಾಳು. ಪಕ್ಕದ ಝೋಪಡಿಯಲ್ಲಿ ಗುಲಬರ್ಗಾ ಕಡೆಯ ಒಬ್ಬಾಕೆ ಇದ್ದಳು. ಹೊಸ ಸೆಕ್ಟರಿನ ಕಟ್ಟಡಗಳಿಗೆ ಸಿಮೆಂಟು ಹೊರುತ್ತಿದ್ದಳು. ರಜೆಯ ದಿನ ಬಾಗಿಲಲ್ಲಿ ಕೂತು, ತೀರಿಕೊಂಡ ಅವ್ವನ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವಳು. ಏನು ಕೆಟ್ಟರೂ ಒಂದೇ ಮಾತು: “ಹರದ್ರ ಹೊಲದ್ರಾತು ಬಿಡ್ರೀ.”

ಒಂದು ಬೇಸಿಗೆಯ ಮಧ್ಯಾಹ್ನ ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ನಮ್ಮ ಕಡೆಗೇ. ನಾವೆಲ್ಲ ಟಿವಿ, ಟ್ರಂಕು ಹೊರಗೆಳೆಯುತ್ತಿದ್ದರೆ, ಆಕೆ ಕೌದಿಯನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿದಳು.

“ನಿನ್ನ ಅಮ್ಮನ ಸೀರೆ ಮಾರಾಯ್ತಿ, ಬೇಡ!” ಎಂದು ಕೂಗಿದೆ.

“ಆ ತುದಿ ಹಿಡೀರಿ ಅಕ್ಕಾರ, ಮಾತು ಆಮ್ಯಾಲ.”

ಹಿಡಿದೆ. ನೆಂದ ಕೌದಿ ಹೆಣಭಾರ. ಉರಿಯ ಅಂಚಿಗೆ ಹಾಸುವುದು, ತುಳಿಯುವುದು, ಎಳೆದು ಮುಂದೆ ಹಾಸುವುದು. ಕೆಮ್ಮಿ ನಾನು ಕೈಬಿಟ್ಟರೆ “ಹಿಡೀರಿ” ಅನ್ನುವಳು, ಅಷ್ಟೇ. ನೋಡಿದ ಹೆಂಗಸರೂ ಗೋಣಿಚೀಲ ಅದ್ದಿ ತಂದರು. ಫೈರ್ ಬ್ರಿಗೇಡ್ ಬರುವ ಹೊತ್ತಿಗೆ ಬೆಂಕಿ ಚಾಳಿನ ಹಿಂದಿನ ಮೋರಿ ದಾಟಲಾರದೆ ಸತ್ತಿತ್ತು.

ಮರುದಿನ ಆಕೆ ಕೌದಿಯ ಸುಟ್ಟ ತುದಿ ಕತ್ತರಿಸುತ್ತಿದ್ದಳು. ನಾನೊಂದು ಹೊಸ ಸೀರೆ ಒಯ್ದೆ.

“ಇದು ಬ್ಯಾಡ. ನೀವು ಉಟ್ಟು ಹಳೇದಾಗಿದ್ದು ಕೊಡ್ರಿ.”

ಆಮೇಲೆ ಪ್ರತಿ ಬೇಸಿಗೆ ಹುಲ್ಲು ಒಣಗುತ್ತಲೇ ಆ ಕೌದಿ ಡ್ರಮ್ಮಿನ ಮೇಲೆ ಬಂದು ಕೂರುತ್ತಿತ್ತು, ನನ್ನ ಹಳೆ ಸೀರೆ ಸೇರಿಸಿ ಹೊಲಿದ ತುದಿ ನಮ್ಮ ಬಾಗಿಲ ಕಡೆಗೆ.