ಸೆವ್ರಿನ್ ಬಾಯಿಯ ರಾಣಿಯರು

ಹ್ಯಾರೋದ ಸೆವ್ರಿನ್ ಬಾಯಿಯ ಎದುರು ಮೊದಲನೇ ಎಲಿಜಬೆತ್ ರಾಣಿಯನ್ನು ಹೊಗಳಿದವರಿಗೆ ಚಹಾ ಸಿಗುವುದಿಲ್ಲ. "ಆಶ್ರಯ ಕೇಳಿ ಬಂದ ಸ್ಕಾಟ್‌ಲೆಂಡಿನ ರಾಣಿ ಮೇರಿ ಸ್ವಂತ ರಕ್ತ ಅಲ್ವಾ? ಹತ್ತೊಂಬತ್ತು ವರ್ಷ ಕೂಡಿಹಾಕಿ ತಲೆ ಕಡಿಸಿದ್ಲಲ್ಲ ಮಾರಾಯ್ರೆ! ಒಮ್ಮೆಯಾದ್ರೂ ಹೋಗಿ ಮುಖ ನೋಡಿದ್ಲಾ?" ಎಂದು, ನಾನೂರು ವರ್ಷ ಹಿಂದಿನದು ಇಂದು ಬೆಳಿಗ್ಗೆ ಪಕ್ಕದ ಬೀದಿಯಲ್ಲೇ ನಡೆದಂತೆ ಕೆಂಡಾಮಂಡಲವಾಗುತ್ತಾರೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೇರಿಯ ಸಮಾಧಿಗೆ ಕೈಮುಗಿದು, ಎಲಿಜಬೆತ್‌ಳ ಮುಂದೆ ಛತ್ರಿ ಕುಟ್ಟಿಕೊಂಡು ಹಾದುಹೋಗುತ್ತಾರೆ. ನವೆಂಬರಿನಲ್ಲಿ ಮೃತರ ಆತ್ಮಶಾಂತಿಯ ಬಲಿಪೂಜೆಗೆಂದು ಇಗರ್ಜಿಗೆ ಬರೆದುಕೊಡುವ ಹೆಸರುಗಳಲ್ಲಿ ತೀರಿಕೊಂಡ ಗಂಡನಿಗಿಂತ ಮೊದಲು ಮೇರಿಯೇ. ಇಷ್ಟಾಗಿಯೂ, ಪಕ್ಕದ ಸ್ಟ್ಯಾನ್ಮೋರಿನಲ್ಲಿದ್ದ ತಂಗಿ ಐರಿನ್ ಜೊತೆ ಅವರಿಗೆ ಹನ್ನೊಂದು ವರ್ಷ ಮಾತಿರಲಿಲ್ಲ; ಅವಳು ಹಾಸಿಗೆ ಹಿಡಿದಾಗಲೂ ಹೋಗಲಿಲ್ಲ. ಈ ನವೆಂಬರಿನ ಚೀಟಿಯಲ್ಲಿ ಮೇರಿಯ ಕೆಳಗೆ ಐರಿನ್ ಹೆಸರಿತ್ತು. ಅದರ ಕೆಳಗೆ, ಮೊದಲ ಬಾರಿಗೆ, ಎಲಿಜಬೆತ್.